ಗಾಳಿಯ ಲೆಕ್ಕ ಹಿಡಿದ ಫಿಲಿಪ್ ಡಾಲ್ಟನ್

ಮಕ್ಕಳೇ, ಸತ್ತೇಗಾಲದ ಹತ್ತಿರ ಕಾವೇರಿ ಹರಿಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇಂಥ ಹೊಳೆಯಲ್ಲಿ ಅಂಬಿಗ ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕಿದರೆ ತೆಪ್ಪ ನೇರವಾಗಿ ಹೋಗುತ್ತದೆಯೇ? ಇಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿ ಕೆಳಗೆಲ್ಲೋ ದಡ ಸೇರುತ್ತದೆ. ಅದಕ್ಕೇ ಅನುಭವಿ ಅಂಬಿಗರು ಹೊಳೆಯ ಮೇಲುಗಡೆಗೆ ಓರೆಯಾಗಿ ಹುಟ್ಟು ಹಾಕುತ್ತಾರೆ.

ವಿಮಾನದ ಪಾಡೂ ಇದೇ. ಅದರ ಹೊಳೆ ಎಂದರೆ ಗಾಳಿ. ಒಂದು ವಿಮಾನ ಉತ್ತರಕ್ಕೆ ಮುಖ ಮಾಡಿ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹಾರುತ್ತಿದೆ, ಗಾಳಿಯು ಗಂಟೆಗೆ 40 ಕಿ.ಮೀ. ವೇಗದಲ್ಲಿ ಪೂರ್ವದ ಕಡೆಗೆ ಬೀಸುತ್ತಿದೆ ಎಂದುಕೊಳ್ಳಿ. ಒಂದು ಗಂಟೆಯಲ್ಲಿ ವಿಮಾನ 40 ಕಿ.ಮೀ. ಪೂರ್ವಕ್ಕೆ ಸರಿದುಬಿಟ್ಟಿರುತ್ತದೆ! ಅಂಬಿಗನಿಗಾದರೂ ದಡ ಕಾಣುತ್ತದೆ. ವಿಮಾನದ ಕೆಳಗೆ ಬರೀ ಸಮುದ್ರವೋ ಮೋಡವೋ ಕತ್ತಲೆಯೋ ಇದ್ದರೆ? ಇಂಧನ ಮುಗಿಯುವುದರೊಳಗೆ ನೆಲ ಸಿಗದಿದ್ದರೆ ಒಳಗಿರುವವರ ಜೀವಕ್ಕೇ ಅಪಾಯ.

ಈ ಕಷ್ಟವನ್ನು ಹಗುರ ಮಾಡಿದವರು ಅಮೆರಿಕದ ಫಿಲಿಪ್ ಡಾಲ್ಟನ್. ಅವರು ಹುಟ್ಟಿದ್ದು 1903ರಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ, ಸೈನ್ಯದ ಫಿರಂಗಿ ದಳದಲ್ಲಿ ಅಧಿಕಾರಿಯಾದರು. ಆದರೆ ಅವರ ಮನಸ್ಸು ಹಾರಾಟದ ಕಡೆಗಿತ್ತು. ಆ ಕೆಲಸ ಬಿಟ್ಟು 1931ರಲ್ಲಿ ನೌಕಾಪಡೆಯ ಮೀಸಲು ದಳದ ಪೈಲಟ್ ಆದರು.

ಆಗ ಕ್ಯಾಲ್ಕುಲೇಟರ್ ಇರಲಿಲ್ಲ. ವಿಮಾನ ನಡೆಸುತ್ತ ಕಾಗದದ ಮೇಲೆ ಲೆಕ್ಕ ಮಾಡುವುದು ಸುಲಭವೇ? ಡಾಲ್ಟನ್ 1933ರಲ್ಲಿ ದುಂಡನೆಯ ಸ್ಲೈಡ್ ರೂಲ್ ಒಂದನ್ನು ತಯಾರಿಸಿದರು. ಒಂದರ ಮೇಲೊಂದು ತಿರುಗುವ ಎರಡು ಬಿಲ್ಲೆಗಳು, ಅಂಚಿನಲ್ಲಿ ಅಂಕಿಗಳು. ಈ ಅಂಕಿಗಳು ನಿಮ್ಮ ಅಳತೆಪಟ್ಟಿಯಲ್ಲಿರುವಂತೆ ಸಮಾನ ದೂರದಲ್ಲಿ ಇರುವುದಿಲ್ಲ. 1ರಿಂದ 2ಕ್ಕೆ ಎಷ್ಟು ದೂರವೋ 2ರಿಂದ 4ಕ್ಕೆ, 4ರಿಂದ 8ಕ್ಕೆ ಅಷ್ಟೇ ದೂರ! ಹೀಗಾಗಿ ಬಿಲ್ಲೆ ತಿರುಗಿಸಿದರೆ ಸಾಕು, ಗುಣಾಕಾರ ಭಾಗಾಕಾರ ಆಗಿಬಿಡುತ್ತದೆ. ಗಂಟೆಗೆ 180 ಕಿ.ಮೀ. ವೇಗದಲ್ಲಿ 60 ಕಿ.ಮೀ. ಹೋಗಲು ಎಷ್ಟು ಹೊತ್ತು ಬೇಕು? 20 ನಿಮಿಷ ಎಂಬ ಉತ್ತರ ಕಣ್ಣೆದುರಿಗೇ ಬಂದು ನಿಲ್ಲುತ್ತದೆ.

ಆದರೆ ಗಾಳಿಯ ಲೆಕ್ಕ? ಅದಕ್ಕಾಗಿ ಡಾಲ್ಟನ್ ಮತ್ತೆ ಮತ್ತೆ ಹೊಸ ಮಾದರಿಗಳನ್ನು ಮಾಡಿದರು. ಒಂದು ಮಾದರಿ ಜನಪ್ರಿಯವಾಗಿದ್ದರೂ ಅವರಿಗೆ ತೃಪ್ತಿ ಇರಲಿಲ್ಲ. ಇನ್ನೊಂದರಲ್ಲಿ ಬಟ್ಟೆಯ ಪಟ್ಟಿಯೊಂದು ಪೆಟ್ಟಿಗೆಯೊಳಗೆ ಸುತ್ತುತ್ತಿತ್ತು. ಅದು ದುಬಾರಿ ಎಂದು ಸೈನ್ಯ ಹೇಳಿತು. ಡಾಲ್ಟನ್ ಬೇಸರಪಡಲಿಲ್ಲ. ಬಟ್ಟೆಯ ಬದಲು ಒಂದು ಚಪ್ಪಟೆ ಹಲಗೆಯನ್ನು ಹಿಂದೆ ಮುಂದೆ ಜಾರಿಸುವಂತೆ ಮಾಡಿದರು. ಮೇಲಿನ ಪಾರದರ್ಶಕ ಬಿಲ್ಲೆಯಲ್ಲಿ ಗಾಳಿಯನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿ, ಹಲಗೆ ಜಾರಿಸಿದರೆ ವಿಮಾನದ ಮೂತಿಯನ್ನು ಎಷ್ಟು ಓರೆ ಮಾಡಬೇಕೆಂದು ತಿಳಿಯುತ್ತದೆ. ಇನ್ನೊಂದು ಬದಿಯಲ್ಲಿ ಹಳೆಯ ದುಂಡು ಸ್ಲೈಡ್ ರೂಲ್! ಇದೇ ಇ-6ಬಿ. ಇದನ್ನು ಕಂಪ್ಯೂಟರ್ ಎಂದೇ ಕರೆಯುತ್ತಿದ್ದರು. ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ.

1940ರಲ್ಲಿ ಇದು ಸೈನ್ಯಕ್ಕೆ ಬಂದಿತು. ಆದರೆ 1941ರಲ್ಲಿ, ವಿದ್ಯಾರ್ಥಿಯೊಬ್ಬನಿಗೆ ಗಿರಕಿ ಹೊಡೆದು ಹಾರುವ ಅಭ್ಯಾಸ ಮಾಡಿಸುತ್ತಿದ್ದಾಗ ವಿಮಾನ ಬಿದ್ದು ಡಾಲ್ಟನ್ ತೀರಿಕೊಂಡರು. ಆಗ ಅವರಿಗೆ 40 ವರ್ಷವೂ ಆಗಿರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧ ಮುಗಿಯುವ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಇ-6ಬಿಗಳು ತಯಾರಾಗಿದ್ದವು. ಎಷ್ಟೋ ಪೈಲಟ್‌ಗಳನ್ನು ಅವು ಮರಳಿ ನೆಲ ಮುಟ್ಟಿಸಿದವು. ಅದನ್ನು ನೋಡಲು ಡಾಲ್ಟನ್ ಇರಲಿಲ್ಲ.

ಕತೆ ಇಲ್ಲಿಗೇ ಮುಗಿಯಲಿಲ್ಲ. 1966ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಸ್ಟಾರ್ ಟ್ರೆಕ್ ಎಂಬ ವೈಜ್ಞಾನಿಕ ಕತೆಯ ಧಾರಾವಾಹಿ ಶುರುವಾಯಿತು. ಅದು ನಡೆಯುವುದು 23ನೆಯ ಶತಮಾನದ ಅಂತರಿಕ್ಷ ನೌಕೆಯಲ್ಲಿ. ಅದರ ವಿಜ್ಞಾನ ಅಧಿಕಾರಿ ಸ್ಪಾಕ್ ಕೈಯಲ್ಲಿ ಹಿಡಿದು ಲೆಕ್ಕ ಮಾಡುವ ಸಾಧನ ಯಾವುದು ಗೊತ್ತೇ? ಡಾಲ್ಟನ್ ಅವರ ಇ-6ಬಿ! ಮುಂದಿನ ಕಾಲದ ಯಂತ್ರದಂತೆ ಕಾಣಲೆಂದು ಕೊಟ್ಟದ್ದು ಹಳೆಯ ಕಾಲದ ಸಾಧನವನ್ನು! ಈಗ ನೀವೇ ಯೋಚಿಸಿ: ಅಂತರಿಕ್ಷದಲ್ಲಿ ಇ-6ಬಿಯ ಯಾವ ಬದಿ ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ? ಏಕೆ?

ಇಂದಿನ ವಿಮಾನಗಳಲ್ಲಿ ದಾರಿ ತೋರಿಸಲು ಉಪಗ್ರಹಗಳ ನೆರವಿದೆ. ಆದರೂ ಹಾರಾಟ ಕಲಿಯುವವರಲ್ಲಿ ಅನೇಕರು ಇ-6ಬಿ ಬಳಸುವುದನ್ನು ಇಂದಿಗೂ ಕಲಿಯುತ್ತಾರೆ. ಬ್ಯಾಟರಿ ಮುಗಿದರೂ ಅದು ಕೈಬಿಡುವುದಿಲ್ಲವಲ್ಲ!

ಮಾಡಿ ನೋಡಿ: ಮೇಲೆ ಹೇಳಿದ ವಿಮಾನದ ದಾರಿಯನ್ನು ಹಾಳೆಯ ಮೇಲೆ ಬರೆಯಿರಿ. 1 ಸೆಂ.ಮೀ. ಎಂದರೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಉತ್ತರಕ್ಕೆ 10 ಸೆಂ.ಮೀ. ಗೆರೆ ಎಳೆಯಿರಿ, ಅದು ವಿಮಾನ. ಅದರ ತುದಿಯಿಂದ ಪೂರ್ವಕ್ಕೆ 2 ಸೆಂ.ಮೀ. ಎಳೆಯಿರಿ, ಅದು ಗಾಳಿ. ಹೊರಟ ಜಾಗದಿಂದ ಕೊನೆಯ ಬಿಂದುವಿಗೆ ಗೆರೆ ಸೇರಿಸಿ ಅಳೆಯಿರಿ. ಸುಮಾರು 10.2 ಸೆಂ.ಮೀ. ಬಂತೇ? ಹಾಗಾದರೆ ನೆಲದ ಮೇಲಿನ ಲೆಕ್ಕದಲ್ಲಿ ವಿಮಾನದ ವೇಗ ಗಂಟೆಗೆ ಸುಮಾರು 204 ಕಿ.ಮೀ. ದಾರಿ ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದನ್ನು ಕೋನಮಾಪಕದಿಂದ ನೀವೇ ಅಳೆದು ನೋಡಿ.