ಆಫ್‌ಸೈಡ್ ನಿಯಮವನ್ನೇ ಬದಲಿಸಿದ ಆಟಗಾರ

ಫುಟ್‌ಬಾಲ್ ನೋಡುವವರು ಯಾವುದಕ್ಕೆ ಹೆಚ್ಚು ಜಗಳ ಆಡುತ್ತಾರೆ ಎಂದರೆ ಉತ್ತರ ಒಂದೇ, ರೆಫ್ರಿಯ ತೀರ್ಪಿಗೆ. ಅದರಲ್ಲೂ ಆಫ್‌ಸೈಡ್ ಎಂದರೆ ಮುಗಿಯಿತು. ಪಂದ್ಯ ಮುಗಿದು ಹಾಸ್ಟೆಲ್‌ನ ಟಿ.ವಿ. ಆರಿಸಿದ ಮೇಲೂ ಮೊಬೈಲ್‌ನಲ್ಲಿ ಅದೇ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ಮುಂದಿದ್ದದ್ದು ಮೊಣಕಾಲೋ ಭುಜವೋ ಎಂದು ವಾದ ಮಾಡುವವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಹೊಡೆದ ಫ್ರೀ ಕಿಕ್ ಗೋಲಾಯಿತು. ರೆಫ್ರಿ ಅದನ್ನು ಒಪ್ಪಿದರು, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನದಿಂದಲೇ ಹೊರನಡೆಯಿತು. ಆ ತೀರ್ಪಿನ ಬಗ್ಗೆ ಎರಡೂ ಕಡೆಯ ಅಭಿಮಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಇಂಥ ವಾದಗಳಲ್ಲಿ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ರೆಫ್ರಿ ಸರಿಯಾಗಿ ನೋಡಿದರೇ ಇಲ್ಲವೇ ಎಂಬುದು. ಆದರೆ ರೆಫ್ರಿ ಸರಿಯಾಗಿ ನೋಡಿ, ನಿಯಮದಂತೆಯೇ ಸೀಟಿ ಊದಿ, ಆದರೂ ಇಡೀ ಕ್ರೀಡಾಂಗಣ ಸಿಟ್ಟಿಗೆದ್ದರೆ? ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ವಾರ ವಾರವೂ ಹೀಗೇ ಆಗುತ್ತಿತ್ತು. ಅದಕ್ಕೆ ಕಾರಣರಾದವರಲ್ಲಿ ಎಲ್ಲರಿಗಿಂತ ಮೊದಲು ನೆನಪಾಗುವ ಹೆಸರು ಬಿಲ್ ಮೆಕ್ರಾಕೆನ್. ಇಂದು ನಾವು ಜಗಳವಾಡುವ ಆಫ್‌ಸೈಡ್ ನಿಯಮದ ಮೂಲ ರೂಪ ಬಂದದ್ದು ಅವರ ಆಟದಿಂದ ಬೇಸತ್ತ ಮೇಲೆ.

ಮೆಕ್ರಾಕೆನ್ ಹುಟ್ಟಿದ್ದು 1883ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಅಲ್ಲಿನ ಡಿಸ್ಟಿಲರಿ ಎಂಬ ಕ್ಲಬ್‌ನಲ್ಲಿ ಹೆಸರು ಮಾಡಿ 1904ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಸೇರಿದರು. ಆಗ ಅವರಿಗೆ 21 ವರ್ಷ. ಆಡುತ್ತಿದ್ದ ಸ್ಥಾನ ಬಲ ಫುಲ್‌ಬ್ಯಾಕ್. ಗೋಲ್‌ಕೀಪರ್ ಮುಂದೆ ನಿಲ್ಲುವ ಇಬ್ಬರು ರಕ್ಷಕರಲ್ಲಿ ಅವರೊಬ್ಬರು. ನ್ಯೂಕ್ಯಾಸಲ್‌ಗೆ ಅದು ಸುವರ್ಣಕಾಲ. 1905, 1907 ಮತ್ತು 1909ರಲ್ಲಿ ಲೀಗ್ ಪ್ರಶಸ್ತಿ ಬಂತು. 1905ರಿಂದ 1911ರ ನಡುವೆ ತಂಡ ಐದು ಬಾರಿ ಎಫ್‌ಎ ಕಪ್ ಫೈನಲ್ ತಲುಪಿ, 1910ರಲ್ಲಿ ಒಮ್ಮೆ ಕಪ್ ಗೆದ್ದಿತು.

ಆಗಿನ ಆಫ್‌ಸೈಡ್ ನಿಯಮ ಈಗಿನಂತಿರಲಿಲ್ಲ. 1863ರ ಮೊದಲ ನಿಯಮಗಳ ಪ್ರಕಾರ ಚೆಂಡಿಗಿಂತ ಮುಂದೆ ನಿಂತ ಆಟಗಾರ ಆಫ್‌ಸೈಡ್, ರಗ್ಬಿಯಲ್ಲಿ ಇರುವ ಹಾಗೆ. 1866ರಲ್ಲಿ ಅದನ್ನು ಸಡಿಲಿಸಿದರು. ಸಹ ಆಟಗಾರ ಚೆಂಡು ಹೊಡೆಯುವ ಕ್ಷಣದಲ್ಲಿ ನಿಮಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿದ್ದರೆ ನೀವು ಆಟದಲ್ಲಿದ್ದೀರಿ, ಇಲ್ಲದಿದ್ದರೆ ಆಫ್‌ಸೈಡ್. ಆ ಮೂವರು ಸಾಮಾನ್ಯವಾಗಿ ಗೋಲ್‌ಕೀಪರ್ ಮತ್ತು ಇಬ್ಬರು ಫುಲ್‌ಬ್ಯಾಕ್‌ಗಳು.

ಮೆಕ್ರಾಕೆನ್ ಮಾಡಿದ್ದು ಕೇಳಲು ಸರಳ. ಎದುರಾಳಿ ಪಾಸ್ ಕೊಡುವ ಕ್ಷಣಕ್ಕೆ ಸರಿಯಾಗಿ ಅವರು ಒಂದೆರಡು ಹೆಜ್ಜೆ ಮುಂದಕ್ಕೆ ಸರಿದುಬಿಡುತ್ತಿದ್ದರು. ಅಷ್ಟೇ. ಮೂವರಿದ್ದ ಲೆಕ್ಕ ಇಬ್ಬರಾಯಿತು, ಫಾರ್ವರ್ಡ್ ಆಟಗಾರ ನಿಂತಲ್ಲೇ ಆಫ್‌ಸೈಡ್ ಆದ. ಅವನು ಏನೂ ತಪ್ಪು ಮಾಡಿರಲಿಲ್ಲ, ಕದಲಿರಲೂ ಇಲ್ಲ. ಅವನ ಸುತ್ತಲಿನ ಲೆಕ್ಕ ಬದಲಾಗಿತ್ತು.

ಎಂಜಿನಿಯರಿಂಗ್ ಓದುವ ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಬ್ಯಾಕಪ್ ವ್ಯವಸ್ಥೆ. ಒಂದು ವೇಳೆ ಟೈಮಿಂಗ್ ತಪ್ಪಿದರೂ, ರೆಫ್ರಿ ಸೀಟಿ ಊದದಿದ್ದರೂ, ಹಿಂದೆ ಇನ್ನೊಬ್ಬ ಫುಲ್‌ಬ್ಯಾಕ್ ಇದ್ದೇ ಇರುತ್ತಿದ್ದ, ಅವನ ಹಿಂದೆ ಗೋಲ್‌ಕೀಪರ್. ಸಿಕ್ಕರೆ ಲಾಭ, ತಪ್ಪಿದರೆ ದೊಡ್ಡ ನಷ್ಟವೇನಿಲ್ಲ. ಹೀಗೆ ಅಪಾಯವಿಲ್ಲದೆ ಲಾಭ ಸಿಗುವ ದಾರಿಯೊಂದು ನಿಯಮದೊಳಗೇ ಇದ್ದರೆ ಯಾರಾದರೂ ಅದನ್ನು ಬಳಸದೆ ಇರುತ್ತಾರೆಯೇ? ಈ ಬಲೆಯನ್ನು ಮೊದಲು ಹೆಣೆದವರು ಮೆಕ್ರಾಕೆನ್ ಅಲ್ಲ. ಅವರಿಗಿಂತ ಮೊದಲೂ ಕೆಲವರು ಪ್ರಯತ್ನಿಸಿದ್ದರು. ಆದರೆ ಅದನ್ನು ಪಂದ್ಯದುದ್ದಕ್ಕೂ, ವರ್ಷಗಟ್ಟಲೆ, ಗಡಿಯಾರದಷ್ಟು ಕರಾರುವಾಕ್ಕಾಗಿ ನಡೆಸಿದವರು ಅವರು. ಮುಂದೆ ಜೊತೆಗೂಡಿದ ಫ್ರಾಂಕ್ ಹಡ್‌ಸ್ಪೆತ್ ಅವರಿಗೂ ಇದು ಕರಗತವಾಯಿತು.

1907ರಲ್ಲಿ ಆಟಗಾರ ತನ್ನದೇ ಅರ್ಧದಲ್ಲಿದ್ದರೆ ಆಫ್‌ಸೈಡ್ ಇಲ್ಲ ಎಂಬ ತಿದ್ದುಪಡಿ ಬಂತು. ಅದರಿಂದಲೂ ಬಲೆ ಹರಿಯಲಿಲ್ಲ. ರಕ್ಷಕರು ಮೈದಾನದ ಮಧ್ಯದ ಗೆರೆಯವರೆಗೂ ಬಂದು ನಿಂತರು. ಎರಡೂ ತಂಡಗಳ ಆಟ ಮಧ್ಯದ ಕಿರಿದಾದ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿತು. ದಾಳಿ ಶುರುವಾಗುವಷ್ಟರಲ್ಲಿ ಸೀಟಿ, ಫ್ರೀ ಕಿಕ್, ಮತ್ತೆ ಸೀಟಿ. ಎದುರಾಳಿ ಊರುಗಳ ಪ್ರೇಕ್ಷಕರು ಮೆಕ್ರಾಕೆನ್ ಚೆಂಡು ಮುಟ್ಟಿದರೆ ಸಾಕು, ಕೂಗಿ ಗೇಲಿ ಮಾಡುತ್ತಿದ್ದರು. ಆ ಕಾಲದ ಒಂದು ತಮಾಷೆ ಇಂದಿಗೂ ಉಳಿದಿದೆ. ಪಂದ್ಯಕ್ಕೆಂದು ನ್ಯೂಕ್ಯಾಸಲ್‌ಗೆ ಬಂದ ತಂಡವೊಂದರ ರೈಲು ನಿಲ್ದಾಣದಲ್ಲಿ ನಿಂತಾಗ ಗಾರ್ಡ್ ಸೀಟಿ ಊದಿದನಂತೆ. ಇಳಿಯುವ ಮೊದಲೇ ಆಫ್‌ಸೈಡ್ ಆಯಿತಲ್ಲ ಎಂದು ಆಟಗಾರನೊಬ್ಬ ತಲೆ ಚಚ್ಚಿಕೊಂಡನಂತೆ.

ರೆಫ್ರಿಗಳ ಪಾಡನ್ನೂ ಸ್ವಲ್ಪ ಯೋಚಿಸಿ. ಆಫ್‌ಸೈಡ್ ಲೆಕ್ಕ ಹಾಕಬೇಕಾದದ್ದು ಚೆಂಡು ಸಿಗುವಾಗ ಅಲ್ಲ, ಹೊಡೆಯುವಾಗ. ಹೊಡೆಯುವ ಕಾಲು ಒಂದು ಕಡೆ, ಮುಂದೆ ಸರಿಯುವ ಮೆಕ್ರಾಕೆನ್ ಇನ್ನೊಂದು ಕಡೆ. ಎರಡು ಕಣ್ಣು ಎರಡು ಕಡೆ ನೋಡಲಾಗದು. ರಿಪ್ಲೇ ಇಲ್ಲ, ಕ್ಯಾಮೆರಾ ಇಲ್ಲ. ಚೆಂಡು ತಲುಪುವಾಗ ಮಾತ್ರ ನೋಡಿದ ಪ್ರೇಕ್ಷಕರಿಗೆ ಬೇರೆಯದೇ ಚಿತ್ರ ಕಾಣುತ್ತಿತ್ತು. ಬೈಗುಳ ಬೀಳುತ್ತಿದ್ದದ್ದು ಮಾತ್ರ ನಿಯಮ ಪಾಲಿಸಿದ ರೆಫ್ರಿಗೆ ಮತ್ತು ನಿಯಮ ಮುರಿಯದ ಮೆಕ್ರಾಕೆನ್‌ಗೆ.

ಇದೇ ಮನುಷ್ಯನ ಬದುಕಿನಲ್ಲಿ ಇನ್ನೊಂದು ಕಥೆಯಿದೆ. ಉದ್ಯೋಗ ಹುಡುಕುವವರು ಅದನ್ನು ಓದಲೇಬೇಕು. ಆಗ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರನ ಸಂಬಳಕ್ಕೆ ಮಿತಿಯಿತ್ತು. 1901ರಿಂದ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆದ್ದರಿಂದ ದೇಶದ ಪರ ಆಡಿದಾಗ ಸಿಗುವ ಹಣ ದೊಡ್ಡದಾಗಿತ್ತು. ಆದರೆ ಒಂದೇ ಪಂದ್ಯಕ್ಕೆ ಇಂಗ್ಲೆಂಡಿನ ಆಟಗಾರರಿಗೆ ಸಿಗುತ್ತಿದ್ದುದು ಒಂದು ಮೊತ್ತ, ಐರ್ಲೆಂಡಿನವರಿಗೆ ಅದಕ್ಕಿಂತ ಬಹಳ ಕಡಿಮೆ. 1908ರಲ್ಲಿ ಮೆಕ್ರಾಕೆನ್ ಇಂಗ್ಲೆಂಡಿನವರಿಗೆ ಕೊಡುವಷ್ಟೇ ತನಗೂ ಕೊಡಬೇಕೆಂದು ಕೇಳಿದರು. ಐರಿಷ್ ಸಂಸ್ಥೆ ಅವರನ್ನು ತಂಡದಿಂದ ಕೈಬಿಟ್ಟಿತು. ಮತ್ತೆ ಅವರು ಐರ್ಲೆಂಡ್ ಪರ ಆಡಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 25ರಿಂದ 36ರವರೆಗಿನ, ಆಟಗಾರನೊಬ್ಬನ ಅತ್ಯುತ್ತಮ ವರ್ಷಗಳು ಹಾಗೇ ಕಳೆದುಹೋದವು. ಅವರು ಆಡಿದ ಅಂತರರಾಷ್ಟ್ರೀಯ ಪಂದ್ಯಗಳು ಒಟ್ಟು 16 ಮಾತ್ರ.

ಯುದ್ಧ ಅವರ ಕ್ಲಬ್ ಜೀವನದ ಕೆಲವು ವರ್ಷಗಳನ್ನೂ ನುಂಗಿತು. ಆದರೂ ನ್ಯೂಕ್ಯಾಸಲ್ ಪರ 432 ಪಂದ್ಯ ಆಡಿ, 40ರ ವಯಸ್ಸಿನಲ್ಲಿ, 1923ರಲ್ಲಿ ಹಲ್ ಸಿಟಿ ತಂಡದ ಮ್ಯಾನೇಜರ್ ಆಗಿ ಹೊರಟರು. ಅಷ್ಟರಲ್ಲಿ ಅವರ ಬಲೆಯನ್ನು ಎಲ್ಲ ತಂಡಗಳೂ ನಕಲು ಮಾಡಿದ್ದವು. ಗೋಲುಗಳು ಕಡಿಮೆಯಾದವು, ಪಂದ್ಯಗಳು ಬೇಸರ ತರಿಸತೊಡಗಿದವು.

ಕೊನೆಗೆ 1925ರ ಜೂನ್‌ನಲ್ಲಿ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಸ್ಕಾಟ್ಲೆಂಡ್ ಸಂಸ್ಥೆಯ ಪ್ರಸ್ತಾಪವನ್ನು ಒಪ್ಪಿತು. ಮೂವರು ಎಂಬಲ್ಲಿ ಇಬ್ಬರು ಎಂದಾಯಿತು. ಬದಲಾದದ್ದು ಒಂದೇ ಅಂಕಿ. ಆದರೆ ಅದರ ಪರಿಣಾಮ ನೋಡಿ. ಇಂಗ್ಲೆಂಡಿನ ಪ್ರಥಮ ಡಿವಿಷನ್‌ನ 462 ಪಂದ್ಯಗಳಲ್ಲಿ 1924–25ರಲ್ಲಿ ಬಂದ ಗೋಲುಗಳು 1192. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1703. ಫಾರ್ವರ್ಡ್‌ಗಳು ರಾತ್ರೋರಾತ್ರಿ ಜಾಣರಾಗಲಿಲ್ಲ. ರಕ್ಷಕರ ಬ್ಯಾಕಪ್ ಹೋಗಿತ್ತು. ಈಗ ಒಬ್ಬ ಮುಂದೆ ಸರಿದರೆ ಸಾಲದು, ಇಬ್ಬರೂ ಸರಿಯಬೇಕು. ಟೈಮಿಂಗ್ ತಪ್ಪಿದರೆ ಹಿಂದೆ ಉಳಿಯುವುದು ಗೋಲ್‌ಕೀಪರ್ ಒಬ್ಬನೇ. ಬಲೆಯನ್ನು ಯಾರೂ ನಿಷೇಧಿಸಲಿಲ್ಲ, ಅದಕ್ಕೆ ಬೆಲೆ ಕಟ್ಟುವಂತೆ ಮಾಡಿದರು.

ಹೊಸ ನಿಯಮಕ್ಕೆ ಆಟವೇ ಹೊಸದಾಗಿ ಹೊಂದಿಕೊಳ್ಳಬೇಕಾಯಿತು. 1925ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ತಂಡ ನ್ಯೂಕ್ಯಾಸಲ್ ಎದುರು 7–0ರಿಂದ ಸೋತಿತು. ಆ ಸೋಲಿನ ನಂತರ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಮಧ್ಯದಲ್ಲಿ ಆಡುತ್ತಿದ್ದ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ಕರೆದು ಮೂರನೇ ರಕ್ಷಕನನ್ನಾಗಿ ಮಾಡಿದರು. 1927–28ರಲ್ಲಿ ಎವರ್ಟನ್‌ನ ಡಿಕ್ಸಿ ಡೀನ್ ಒಂದೇ ಲೀಗ್ ಋತುವಿನಲ್ಲಿ 60 ಗೋಲು ಹೊಡೆದರು. ಇಂಗ್ಲೆಂಡಿನ ಅಗ್ರ ಡಿವಿಷನ್‌ನಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ಮ್ಯಾನೇಜರ್ ಆಗಿದ್ದ ಮೆಕ್ರಾಕೆನ್ ಕೂಡ ಈಗ ಹೊಸ ನಿಯಮದ ಕೆಳಗೇ ಬದುಕಬೇಕಿತ್ತು. 1930ರಲ್ಲಿ ಎರಡನೇ ಡಿವಿಷನ್‌ನಲ್ಲಿದ್ದ ಅವರ ಹಲ್ ಸಿಟಿ ಎಫ್‌ಎ ಕಪ್‌ನಲ್ಲಿ ಸೆಮಿಫೈನಲ್ ತಲುಪಿತು. ದಾರಿಯಲ್ಲಿ ಸೋಲಿಸಿದ್ದು ಅವರದೇ ಹಳೆಯ ನ್ಯೂಕ್ಯಾಸಲ್ ತಂಡವನ್ನು. ಸೆಮಿಫೈನಲ್‌ನಲ್ಲಿ ಚಾಪ್‌ಮನ್ ಅವರ ಆರ್ಸೆನಲ್ ವಿರುದ್ಧ 2–0 ಮುಂದಿದ್ದು, ಕೊನೆಗೆ 2–2 ಡ್ರಾ ಆಗಿ, ಮರುಪಂದ್ಯದಲ್ಲಿ ಒಂದು ಗೋಲಿನಿಂದ ಸೋತರು. ಅದೇ ವರ್ಷ ಹಲ್ ಕೆಳಗಿನ ಡಿವಿಷನ್‌ಗೂ ಇಳಿಯಿತು. ಆಮೇಲೆ ಮಿಲ್‌ವಾಲ್, ಆಲ್ಡರ್‌ಶಾಟ್ ತಂಡಗಳನ್ನು ನಡೆಸಿದರು. ವಯಸ್ಸಾದ ಮೇಲೂ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಕೆಲಸ ಮಾಡಿದರು. 1961ರಲ್ಲಿ ಇಂಗ್ಲೆಂಡ್ ಆಟಗಾರರ ಸಂಬಳದ ಮಿತಿಯನ್ನು ರದ್ದು ಮಾಡಿದಾಗ ಅವರಿಗೆ 78ರ ಹತ್ತಿರ. 1979ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಆಫ್‌ಸೈಡ್ ನಿಯಮ ಅವರ ನಂತರವೂ ನಿಂತಿಲ್ಲ. 1990ರಿಂದ ರಕ್ಷಕನಿಗೆ ಸಮನಾಗಿ ನಿಂತರೆ ಆಫ್‌ಸೈಡ್ ಇಲ್ಲ. 2018ರ ವಿಶ್ವಕಪ್‌ಗೆ ವಿಎಆರ್ ಬಂತು. 2022ರ ಕತಾರ್ ವಿಶ್ವಕಪ್‌ನಲ್ಲಿ ಕ್ರೀಡಾಂಗಣದ ಛಾವಣಿಯಲ್ಲಿ 12 ಕ್ಯಾಮೆರಾ, ಪ್ರತಿ ಆಟಗಾರನ ದೇಹದ 29 ಬಿಂದುಗಳ ಲೆಕ್ಕ, ಚೆಂಡಿನೊಳಗೆ ಸೆಕೆಂಡಿಗೆ 500 ಬಾರಿ ಮಾಹಿತಿ ಕಳಿಸುವ ಸೆನ್ಸರ್. ಉದ್ಘಾಟನಾ ಪಂದ್ಯದ ಮೊದಲ ನಿಮಿಷಗಳಲ್ಲೇ ಈಕ್ವೆಡಾರ್‌ನ ಗೋಲೊಂದು ಆಫ್‌ಸೈಡ್ ಎಂದು ರದ್ದಾಯಿತು. ಜಗಳವೂ ಅಂದೇ ಶುರುವಾಯಿತು. ಯಂತ್ರ ಹೇಳಬಲ್ಲದ್ದು ಕಾಲು ಎಲ್ಲಿತ್ತು ಎಂದು ಮಾತ್ರ. ಬೆರಳಿನಷ್ಟು ಮುಂದಿದ್ದವನಿಗೆ ನಿಜಕ್ಕೂ ಅನುಕೂಲವಾಯಿತೇ, ಅವನ ಗೋಲು ಕಿತ್ತುಕೊಳ್ಳುವುದು ನ್ಯಾಯವೇ ಎಂಬುದನ್ನು ಯಂತ್ರ ಹೇಳದು. ಅದನ್ನು ನಿಯಮ ಬರೆಯುವವರೇ ತೀರ್ಮಾನಿಸಬೇಕು.

ಮೆಕ್ರಾಕೆನ್ ಬದುಕಿನ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಎರಡರಲ್ಲೂ ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಬಲೆಯ ವಿಷಯದಲ್ಲಿ ಫುಟ್‌ಬಾಲ್ ಆಡಳಿತ ಅವರಿಗೆ ಶಿಕ್ಷೆ ಕೊಡಲಿಲ್ಲ, ತನ್ನ ನಿಯಮದಲ್ಲಿನ ತೂತನ್ನು ಮುಚ್ಚಿತು. ಆಟ ಬೆಳೆಯಿತು. ಸಂಬಳದ ವಿಷಯದಲ್ಲಿ ತೂತು ಹಾಗೇ ಉಳಿಯಿತು, ಅದನ್ನು ತೋರಿಸಿದವರನ್ನು ಹೊರಗಿಟ್ಟರು. ನಾಳೆ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಕೋಡ್ ಬರೆಯುವ ತಂಡಗಳಲ್ಲಿ ಕೂರಲಿರುವ ನಮ್ಮ ಮುಂದೆಯೂ ಇವೇ ಎರಡು ದಾರಿಗಳು ಬರುತ್ತವೆ. ಯಾರೋ ಒಬ್ಬರು ವ್ಯವಸ್ಥೆಯ ದೋಷವನ್ನು ತೋರಿಸಿದಾಗ ದೋಷವನ್ನು ತಿದ್ದುತ್ತೇವೆಯೋ, ತೋರಿಸಿದವರನ್ನು ತೆಗೆಯುತ್ತೇವೆಯೋ ಎಂಬುದು ನಮಗೆ ಬಿಟ್ಟದ್ದು. ಹಾಗೆಯೇ ಮುಂದಿನ ಪಂದ್ಯದಲ್ಲಿ ಆಫ್‌ಸೈಡ್ ಸೀಟಿ ಕೇಳಿದಾಗ ರೆಫ್ರಿಯನ್ನು ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮಗೆ ಸಿಟ್ಟು ಬಂದಿರುವುದು ಅವರ ಕಣ್ಣಿನ ಮೇಲೋ, ಅವರು ಕೈಯಲ್ಲಿ ಹಿಡಿದ ನಿಯಮದ ಮೇಲೋ? ನಿಯಮದ ಮೇಲೆ ಎಂದಾದರೆ ವಾದ ಮಾಡಲು ಇನ್ನೂ ಒಳ್ಳೆಯ ಕಾರಣ ಸಿಕ್ಕಿತು.