ನಿರಾಶ್ರಿತರ ಬಂಧು ಕಮಲಾದೇವಿ ಚಟ್ಟೋಪಾಧ್ಯಾಯ

ಮನೆಮಠ ಕಳೆದುಕೊಂಡು ಬಂದವರಿಗೆ ಒಂದು ಹೊತ್ತಿನ ಊಟವಿಕ್ಕುವುದು ನಮ್ಮ ನಾಡಿಗೆ ಹೊಸತಲ್ಲ. ಅಂಗಳಕ್ಕೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳುಹಿಸುವ ಪದ್ಧತಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಆದರೆ ಆ ಒಂದು ಹೊತ್ತು ಕಳೆದ ಮೇಲೇನು? ನಾಳಿನ ಅನ್ನ ಯಾವ ಕೈಯಿಂದ ಬರಬೇಕು? ಕೊಡುವವರ ಉತ್ಸಾಹ ತಿಂಗಳೊಳಗೆ ತಣ್ಣಗಾಗುತ್ತದೆ. ಹಸಿವು ಮಾತ್ರ ದಿನಕ್ಕೆರಡು ಬಾರಿ ತಪ್ಪದೆ ಬರುತ್ತದೆ. ಯುದ್ಧದಿಂದಲೋ ಗಲಭೆಯಿಂದಲೋ ಊರು ಬಿಟ್ಟು ಓಡಿಬಂದ ಸಂಸಾರವೊಂದು ಬದುಕಿ ಉಳಿಯಬೇಕಾದರೆ ಹಣ ಬೇಕು. ಆ ಹಣವನ್ನು ಹೇಗೆ ಕೂಡಿಸಬೇಕು, ಯಾವ ರೂಪದಲ್ಲಿ ಅವರ ಕೈಗೆ ಮುಟ್ಟಿಸಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ನಮ್ಮ ಜಿಲ್ಲೆಯ ಮಗಳಾದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು.

ಕಮಲಾದೇವಿಯವರೆಂದರೆ ಕೈಮಗ್ಗ, ಕರಕುಶಲ ಕಲೆ, ನಾಟಕ ಎಂದು ಓದಿದವರೆಲ್ಲ ಬಲ್ಲರು. ಅವರ ಬಾಳಿನ ಎಲ್ಲ ಮುಖಗಳನ್ನೂ ಈ ಸಣ್ಣ ಲೇಖನದಲ್ಲಿ ಹಿಡಿದಿಡಲು ನಾನು ಹೊರಟಿಲ್ಲ. ಊರು ಕಳೆದುಕೊಂಡವರಿಗಾಗಿ ಅವರು ಏನು ಮಾಡಿದರು, ಅದನ್ನು ಮಾಡುವ ಬುದ್ಧಿ ಅವರಿಗೆ ಎಲ್ಲಿಂದ ಬಂತು ಎಂಬಷ್ಟನ್ನೇ ಸಹಪಾಠಿಗಳ ಮುಂದಿಡಬೇಕೆಂದು ನನ್ನ ಆಸೆ.

1903ನೆಯ ಇಸವಿ ಎಪ್ರಿಲ್ 3ರಂದು ಮಂಗಳೂರಿನ ಒಂದು ಸಾರಸ್ವತ ಮನೆತನದಲ್ಲಿ ಅವರು ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಆ ಕಾಲಕ್ಕೆ ಅಪರೂಪವೆನ್ನುವಂತೆ ಓದು ಬಲ್ಲವರು, ಸ್ವತಂತ್ರವಾಗಿ ಯೋಚಿಸುವವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ ಮೊದಲಾದವರ ಸ್ನೇಹ ಆ ಮನೆಗೆ ಇತ್ತು. ಇಂಥ ಮನೆಯ ಮಗುವಿಗೆ ಕಷ್ಟವೆಂಬುದು ಎಲ್ಲಿಂದ ಬರಬೇಕು ಎಂದು ನಾವು ಕೇಳಬಹುದು. ಆದರೆ ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮರಣಶಾಸನ ಬರೆದಿಟ್ಟಿರಲಿಲ್ಲ. ಅಂದಿನ ಕಾಯಿದೆಯ ಪ್ರಕಾರ ಆಸ್ತಿಯೆಲ್ಲವೂ ತಂದೆಯ ಮೊದಲ ಹೆಂಡತಿಯ ಮಗನಿಗೆ ಸೇರಿತು. ವಿಧವೆಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಖರ್ಚಿಗೆಂದು ಕೊಡಲೊಪ್ಪಿದ ಒಂದಿಷ್ಟು ಹಣ ಮಾತ್ರ.

ಯುದ್ಧವಿಲ್ಲ, ಬೆಂಕಿಯಿಲ್ಲ, ಆದರೂ ಒಂದು ಸಂಸಾರ ಬೆಳಗಾಗುವುದರೊಳಗೆ ನೆಲೆ ತಪ್ಪಿತು. ಗಿರಿಜಾಬಾಯಿಯವರು ಆ ತಿಂಗಳ ಹಣವನ್ನು ಬೇಡವೆಂದರು. ತವರಿನಿಂದ ತಂದಿದ್ದ ಸ್ವತ್ತಿನಿಂದಲೇ ಮಕ್ಕಳನ್ನು ಬೆಳೆಸುವೆನೆಂದು ನಿಶ್ಚಯಿಸಿದರು. ಒಬ್ಬರ ಕೈ ನೋಡಿ ಬದುಕುವುದಕ್ಕೂ ತನ್ನದೆಂಬ ಅಲ್ಪವನ್ನು ಊರಿಕೊಂಡು ಬದುಕುವುದಕ್ಕೂ ಇರುವ ವ್ಯತ್ಯಾಸವನ್ನು ಕಮಲಾದೇವಿಯವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ನೋಡಿ ಕಲಿತರು. ಮುಂದೆ ಅವರು ಸಾವಿರಾರು ನಿರಾಶ್ರಿತರ ನಡುವೆ ನಿಂತಾಗ ಅವರ ಕಣ್ಣ ಮುಂದೆ ಈ ತಾಯಿಯ ಮುಖ ಇದ್ದಿರಬೇಕೆಂದು ನನಗೆ ತೋರುತ್ತದೆ.

ಹದಿನಾಲ್ಕನೆಯ ವಯಸ್ಸಿನಲ್ಲಿ, 1917ರಲ್ಲಿ, ಅವರಿಗೆ ಮದುವೆಯಾಯಿತು. ಎರಡು ವರ್ಷಗಳಲ್ಲಿ ಗಂಡ ತೀರಿಕೊಂಡರು. ಬಾಲವಿಧವೆಯ ಬಾಳು ಅಡುಗೆಮನೆಯ ಮೂಲೆಯಲ್ಲಿ ಮುಗಿಯುತ್ತಿದ್ದ ಕಾಲವದು. ಕಮಲಾದೇವಿಯವರು ಮದರಾಸಿಗೆ ಹೋಗಿ ಓದು ಮುಂದುವರಿಸಿದರು. ಅಲ್ಲಿ ಸರೋಜಿನಿ ನಾಯಿಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ವರಿಸಿದರು. ವಿಧವಾವಿವಾಹ, ಅದೂ ಬೇರೆ ಪ್ರಾಂತದವರೊಡನೆ! ಟೀಕೆಗಳಿಗೆ ಕೊರತೆಯಿರಲಿಲ್ಲ. ಟೀಕೆಗೆ ಅಂಜುವ ಸ್ವಭಾವ ಅವರದಾಗಿರಲಿಲ್ಲ. ಮುಂದೆ ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರದ ಸುದ್ದಿ ಕೇಳಿ ಭಾರತಕ್ಕೆ ಮರಳಿ ಸೇವಾದಳವನ್ನು ಸೇರಿದರು. 1926ರಲ್ಲಿ ಮದರಾಸು ಶಾಸನ ಸಭೆಗೆ ಸ್ಪರ್ಧಿಸಿದರು. ಅಲ್ಪ ಮತಗಳಿಂದ ಸೋತರೂ ಹೆಣ್ಣೊಬ್ಬಳು ಮತ ಕೇಳಲು ನಿಲ್ಲಬಲ್ಲಳು ಎಂದು ದೇಶಕ್ಕೆ ತೋರಿಸಿದರು.

ಹಣ ಕೂಡಿಸುವ ವಿದ್ಯೆಯಲ್ಲಿ ಅವರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು 1930ರಲ್ಲಿ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಅವರು ಗಾಂಧೀಜಿಯವರನ್ನು ಒತ್ತಾಯಿಸಿ ಒಪ್ಪಿಸಿದರು. ಮುಂಬಯಿಯ ಕಡಲ ದಂಡೆಯಲ್ಲಿ ಉಪ್ಪು ಕಾಯಿಸಿ, ಪೊಟ್ಟಣ ಕಟ್ಟಿ, ಶೇರುಪೇಟೆಯೊಳಕ್ಕೇ ನುಗ್ಗಿ ಮಾರಿದರು. ಒಂದು ಹಿಡಿ ಉಪ್ಪಿಗೆ ಅಂಗಡಿಯಲ್ಲಿ ಕಾಸಿನ ಬೆಲೆ. ಆದರೆ ಆ ದಿನ ಜನ ಪೈಪೋಟಿಯಿಂದ ಹೆಚ್ಚು ಹೆಚ್ಚು ಕೊಟ್ಟು ಕೊಂಡರು. ಇದರ ಮರ್ಮವನ್ನು ಗಮನಿಸಬೇಕು. ಅವರು ಚಳವಳಿಗೆ ಚಂದಾ ಕೊಡಿರೆಂದು ಕೈಯೊಡ್ಡಲಿಲ್ಲ. ದುಡಿದು ಮಾಡಿದ ವಸ್ತುವೊಂದನ್ನು ಮುಂದಿಟ್ಟು ಅದಕ್ಕೆ ಬೆಲೆ ಕೇಳಿದರು. ಕೊಟ್ಟವನಿಗೆ ಕೊಂಡೆನೆಂಬ ಹೆಮ್ಮೆ, ಪಡೆದವನಿಗೆ ಬೇಡಿದೆನೆಂಬ ಸಂಕೋಚವಿಲ್ಲ. ಸರಕಾರ ಅವರನ್ನು ಸೆರೆಮನೆಗೆ ಕಳುಹಿಸಿತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎರಡನೆಯ ಮಹಾಯುದ್ಧ 1939ರಲ್ಲಿ ಆರಂಭವಾದಾಗ ಅವರು ಯುರೋಪಿನಲ್ಲಿದ್ದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, ಜಪಾನ್ ಮತ್ತು ಚೀನಾಗಳನ್ನು ನೋಡಿಕೊಂಡು 1941ರಲ್ಲಿ ಸ್ವದೇಶಕ್ಕೆ ಬಂದರು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾದ ಪಾಡನ್ನು ಕಣ್ಣಾರೆ ಕಂಡು ಅದನ್ನು ಕುರಿತು ಪುಸ್ತಕವನ್ನೂ ಬರೆದರು. ಮನೆ ಬಿಟ್ಟು ಒಳನಾಡಿಗೆ ಓಡಿದ ಜನರನ್ನೇ ಕೂಡಿಸಿ ಸಣ್ಣ ಸಣ್ಣ ಕೈಗಾರಿಕಾ ಸಹಕಾರ ಸಂಘಗಳನ್ನು ಕಟ್ಟುವ ಪ್ರಯೋಗ ಆಗ ಚೀನಾದಲ್ಲಿ ನಡೆಯುತ್ತಿತ್ತು. ಲೋಕದ ಗಮನವನ್ನೂ ಸೆಳೆದಿತ್ತು. ಸಹಕಾರವೆಂಬ ಮಾತು ನಮ್ಮ ಜಿಲ್ಲೆಯವರಿಗೂ ಅಪರಿಚಿತವಲ್ಲ. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ರೈತರನ್ನು ಸಾಲದ ಶೂಲದಿಂದ ಬಿಡಿಸಲು ಸಹಕಾರ ಸಂಘಗಳನ್ನು ಕಟ್ಟಿದ್ದು, 1914ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು ಅಲ್ಲಿಯೇ ಹುಟ್ಟಿದ್ದು ನಮಗೆಲ್ಲ ತಿಳಿದ ಸಂಗತಿ.

1947 ಬಂತು. ಸ್ವಾತಂತ್ರ್ಯದ ಬೆನ್ನಿಗೇ ದೇಶವಿಭಜನೆಯ ದುರಂತ. ಯುದ್ಧವೆಂದು ಯಾರೂ ಸಾರದಿದ್ದರೂ ಯುದ್ಧಕ್ಕಿಂತ ಘೋರವಾದ ಕಗ್ಗೊಲೆ ನಡೆದು, ಒಂದು ಕೋಟಿಗೂ ಮಿಕ್ಕಿ ಜನ ಗಡಿಯ ಎರಡೂ ಕಡೆ ಮನೆ ಬಿಟ್ಟರು. ದಿಲ್ಲಿಯ ಸುತ್ತ ಎಲ್ಲಿ ನೋಡಿದರೂ ಗುಡಾರಗಳು. ಸರಕಾರ ಪಡಿ ಕೊಡುತ್ತಿತ್ತು. ಉದಾರಿಗಳು ಕಂಬಳಿ ಹಂಚುತ್ತಿದ್ದರು. ಅದು ಬೇಕೇ ಬೇಕಾಗಿತ್ತು. ಹಸಿದವನ ಮುಂದೆ ಉಪದೇಶ ನಡೆಯದು. ಆದರೆ ನಿನ್ನೆಯವರೆಗೆ ಹೊಲ ಉತ್ತು, ಅಂಗಡಿಯಿಟ್ಟು, ಹತ್ತು ಜನಕ್ಕೆ ಅನ್ನ ಹಾಕುತ್ತಿದ್ದ ಗೃಹಸ್ಥರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ದಿನ ಕಳೆದಂತೆ ಕೈಗಳು ಕೆಲಸ ಮರೆಯುತ್ತಿದ್ದವು. ಕಮಲಾದೇವಿಯವರಿಗೆ ಕಂಡ ಅಪಾಯ ಇದು.

ನಿರಾಶ್ರಿತರು ತಾವೇ ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಊರನ್ನು ತಾವೇ ನಿರ್ಮಿಸಿಕೊಳ್ಳಲಿ ಎಂಬ ಯೋಜನೆಯನ್ನು ಅವರು ಗಾಂಧೀಜಿಯವರ ಮುಂದಿಟ್ಟರು. ಗಾಂಧೀಜಿ ಒಪ್ಪಿದರು, ಆದರೆ ಸರಕಾರದ ಸಹಾಯ ಬೇಡಬಾರದೆಂಬ ಷರತ್ತು ಹಾಕಿದರು. ಎಂಥ ಕಠಿಣವಾದ ಷರತ್ತು! ಬರಿಗೈಯಲ್ಲಿ ಬಂದವರು, ಬರಿಗೈಯಲ್ಲೇ ಆರಂಭಿಸಬೇಕು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಸ್ಥಾಪನೆಯಾಯಿತು. ದಿಲ್ಲಿಯ ಹತ್ತಿರದ ಛತರ್‌ಪುರದಲ್ಲಿ ರೈತರಾಗಿದ್ದ ನಿರಾಶ್ರಿತ ಕುಟುಂಬಗಳು ಕೂಡಿ ಬೇಸಾಯಕ್ಕೆ ತೊಡಗಿದುವು. ಲಕ್ಷ್ಮೀಚಂದ್ರ ಜೈನರಂಥ ತರುಣ ಕಾರ್ಯಕರ್ತರು ಅವರಿಗೆ ಬಲಗೈಯಾದರು. ಆ ಜೈನರು ಅಂದು ನಮಗಿಂತ ಎರಡು ಮೂರು ವರ್ಷವಷ್ಟೇ ದೊಡ್ಡವರು ಎಂಬುದನ್ನು ನಾವು ವಿದ್ಯಾರ್ಥಿಗಳು ನೆನಪಿಡಬೇಕು.

ಇದಕ್ಕಿಂತ ದೊಡ್ಡ ಕೆಲಸ ಫರೀದಾಬಾದಿನಲ್ಲಿ ಕಾದಿತ್ತು. ವಾಯವ್ಯ ಗಡಿಪ್ರಾಂತದ ಬನ್ನು, ಡೇರಾ ಇಸ್ಮಾಯಿಲ್ ಖಾನ್ ಮೊದಲಾದ ಕಡೆಗಳಿಂದ ಬಂದ ಹತ್ತಾರು ಸಾವಿರ ಜನ ಚದರಿ ಹೋಗದೆ ಒಂದೇ ಕಡೆ ನೆಲೆಸಬೇಕೆಂದು ಹಟ ಹಿಡಿದಿದ್ದರು. ಅವರಿಗಾಗಿ ದಿಲ್ಲಿಯ ದಕ್ಷಿಣಕ್ಕೆ ಹೊಸ ನಗರವೊಂದನ್ನು ಕಟ್ಟಲು 1949ರಲ್ಲಿ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಮಂಡಳಿಯೊಂದು ಏರ್ಪಟ್ಟಿತು. ಕಮಲಾದೇವಿಯವರು ಅದರ ಸದಸ್ಯೆ. ನೆಹರೂ ಅವರು ಸ್ವತಃ ಸಭೆಗಳಿಗೆ ಬಂದು ಕೂರುತ್ತಿದ್ದರು. ಇಲ್ಲಿ ಹಣ ಸರಕಾರದ್ದೇ. ಹಾಗಾದರೆ ಗಾಂಧೀಜಿಯವರ ಷರತ್ತು ಏನಾಯಿತು ಎಂದು ಯಾರಾದರೂ ಕೇಳಬಹುದು. ಷರತ್ತಿನ ಅಕ್ಷರ ಉಳಿಯಲಿಲ್ಲ, ಅರ್ಥ ಉಳಿಯಿತು. ಹೇಗೆಂದರೆ, ಮನೆ ಕಟ್ಟುವ ಕೆಲಸವನ್ನು ಹೊರಗಿನ ಕಂತ್ರಾಟುದಾರರ ಕೈಗೆ ಬಿಡದೆ, ಆ ಮನೆಗಳಲ್ಲಿ ವಾಸಿಸಬೇಕಾದ ನಿರಾಶ್ರಿತರ ಸಂಘಗಳಿಗೇ ವಹಿಸಿದರು. ಕರಣೆ ಹಿಡಿದು ಗೊತ್ತಿಲ್ಲದ ವರ್ತಕರು ಇಟ್ಟಿಗೆ ಹೊತ್ತರು, ಗೋಡೆ ಎಬ್ಬಿಸಿದರು. ಪರಿಹಾರವೆಂದು ಹಂಚಿಹೋಗಬಹುದಾಗಿದ್ದ ಹಣ ಕೂಲಿಯಾಗಿ ಅವರ ಕೈ ಸೇರಿತು. ಕೂಲಿಯ ಜೊತೆಗೆ ಮನೆಯೂ ಎದ್ದಿತು. ಒಂದೇ ರೂಪಾಯಿ ಎರಡು ಕೆಲಸ ಮಾಡಿತು.

ಹೆಂಗಸರ ಪಾಡು ಇನ್ನೂ ಕಷ್ಟದ್ದು. ಗಂಡನನ್ನು ಕಳೆದುಕೊಂಡವರು ಅನೇಕರಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ತಾಯಿಯಿಂದ ಕಲಿತ ಕಸೂತಿ ಬರುತ್ತಿತ್ತು. ಊರಿನಿಂದ ಹೊತ್ತು ತರಲು ಸಾಧ್ಯವಾದ ಆಸ್ತಿ ಅದೊಂದೇ. ಆದರೆ ಕಸೂತಿ ಹಾಕಿದರೆ ಸಾಲದು, ಕೊಳ್ಳುವವರು ಬೇಕು. 1952ರಲ್ಲಿ ದಿಲ್ಲಿಯ ಕೇಂದ್ರ ಗುಡಿಕೈಗಾರಿಕೆಗಳ ಮಾರಾಟ ಮಳಿಗೆಯ ಆಡಳಿತವನ್ನು ಸಹಕಾರಿ ಒಕ್ಕೂಟ ವಹಿಸಿಕೊಂಡಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ ಕಮಲಾದೇವಿಯವರಿಗೆ ಬಂತು. ನಾವು ಇಂದು ಅವರ ಹೆಸರಿನೊಡನೆ ಕೂಡಿಸಿ ಹೇಳುವ ಕರಕುಶಲ ಕಲೆಯ ಪುನರುದ್ಧಾರ ಬರಿಯ ಸೌಂದರ್ಯಪ್ರೀತಿಯಿಂದ ಹುಟ್ಟಿದ್ದಲ್ಲ. ಅದರ ಒಂದು ಬೇರು ನಿರಾಶ್ರಿತರ ಗುಡಾರಗಳಲ್ಲಿದೆ. 1930ರ ಉಪ್ಪಿನ ಪೊಟ್ಟಣವೇ ಇಲ್ಲಿ ಕಸೂತಿಯ ಬಟ್ಟೆಯಾಯಿತು ಎನ್ನಬಹುದು.

ಇಲ್ಲಿ ನನ್ನ ಎರಡು ಮಾತು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನಾನು ನೆಲ್ಯಾಡಿಯವಳು. ನಮ್ಮ ಸೀಮೆ ಬೇರೆ ಕಡೆಯಿಂದ ಬಂದವರಿಗೆ ನೆಲೆ ಕೊಟ್ಟ ಸೀಮೆ. ತಿರುವಾಂಕೂರಿನ ಕಡೆಯಿಂದ ಬಂದು ಗುಡ್ಡ ಕಡಿದು ತೋಟ ಮಾಡಿದವರು ನಮ್ಮ ನೆರೆಹೊರೆಯವರು. 1964ರ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕುಟುಂಬಗಳು ಪುತ್ತೂರು, ಸುಳ್ಯದ ರಬ್ಬರ್ ತೋಟಗಳಲ್ಲಿ ಬೆಳಗಿನ ಕತ್ತಲೆಯಲ್ಲೇ ಎದ್ದು ಹಾಲು ತೆಗೆಯುತ್ತ ಬದುಕು ಕಟ್ಟಿಕೊಂಡವು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಮನೆ ಕಳೆದುಕೊಂಡವರು ಸಂಪಾಜೆ ಕಡೆಯ ಪರಿಹಾರ ಕೇಂದ್ರಗಳಿಗೆ ಬಂದರು. ನಾನಾಗ ಶಾಲೆಯಲ್ಲಿದ್ದೆ. ಅಕ್ಕಿಯ ಚೀಲ ಕೊಡಲು ಹೋದ ಹಿರಿಯರೊಡನೆ ನಾನೂ ಹೋಗಿದ್ದೆ. ಅಲ್ಲಿ ಹಳೆ ಬಟ್ಟೆಯ ರಾಶಿ ಆಳೆತ್ತರ ಬಿದ್ದಿತ್ತು. ನಡುವಯಸ್ಸಿನ ಒಬ್ಬ ಹೆಂಗಸು ಅದರ ಕಡೆ ನೋಡದೆ, ಈ ಕಡೆಯ ತೋಟಗಳಲ್ಲಿ ಅಡಿಕೆ ಸುಲಿಯಲು ಜನ ಬೇಕಾಗಿದ್ದಾರೆಯೇ ಎಂದು ನಮ್ಮವರನ್ನು ವಿಚಾರಿಸುತ್ತಿದ್ದರು. ಅವರ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಕಮಲಾದೇವಿಯವರ ಜೀವನವನ್ನು ಓದಿದ ಮೇಲೆ.

ತಿಳಿಯದಿರಲು ಕಾರಣವಿರಲಿಲ್ಲ. ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ವಾರ ವಾರ ಬ್ರಾಂಚಿಗೆ ಬೀಡಿ ಕೊಟ್ಟು ತಂದ ಹಣದಲ್ಲಿ ನನ್ನ ಬಸ್ಸಿನ ಖರ್ಚು, ಪುಸ್ತಕ, ಪರೀಕ್ಷೆಯ ಶುಲ್ಕ ಎಲ್ಲವೂ ನಡೆದಿದೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ವಿದ್ಯಾರ್ಥಿವೇತನ ಬಂದಾಗ ಅಮ್ಮ ಸಂತೋಷಪಡುತ್ತಾರೆ. ಆದರೆ ಬೀಡಿಯ ಹಣ ಎಣಿಸುವಾಗ ಅವರ ಮುಖದಲ್ಲಿ ಕಾಣುವ ಗೆಲುವು ಬೇರೆ. ಮಂಗಳೂರಿನ ಅಧಿಕಾರಿಯ ಮಡದಿ ಗಿರಿಜಾಬಾಯಿಯವರಿಗೂ ನನ್ನ ಅಮ್ಮನಿಗೂ ಯಾವ ಹೋಲಿಕೆಯೂ ಇಲ್ಲವೆಂದು ಲೋಕ ಹೇಳೀತು. ಈ ಒಂದು ವಿಷಯದಲ್ಲಿ ಇದೆಯೆಂದು ನಾನು ಹೇಳುತ್ತೇನೆ.

ಕಮಲಾದೇವಿಯವರ ಕೆಲಸವೆಲ್ಲವೂ ಅವರೆಣಿಸಿದಂತೆ ಫಲಿಸಿತೆಂದು ಹೇಳಿದರೆ ಅದು ಸ್ತುತಿಪಾಠವಾದೀತು. ಫರೀದಾಬಾದಿನ ಆಡಳಿತ ಕೆಲವೇ ವರ್ಷಗಳಲ್ಲಿ ಸರಕಾರಿ ಇಲಾಖೆಯ ಕೈಗೆ ಹೋಯಿತು. ನಿರಾಶ್ರಿತರು ಕಟ್ಟಿದ ಸಹಕಾರ ಸಂಘಗಳು ಬಹುಕಾಲ ಬಾಳಲಿಲ್ಲ. ಕಾಗದಪತ್ರಗಳ ಆಡಳಿತಕ್ಕೆ ಜನರ ಕೈಯಲ್ಲಿ ನಂಬಿಕೆ ಬರುವುದು ಕಷ್ಟ. ಆದರೆ ಅವರೇ ಎಬ್ಬಿಸಿದ ಮನೆಗಳು ನಿಂತವು, ಆ ಮನೆಗಳಲ್ಲಿ ಮಕ್ಕಳು ಬೆಳೆದರು. ಗುಡಾರಗಳಿದ್ದ ಆ ಬಯಲು ಇಂದು ಹರಿಯಾಣ ರಾಜ್ಯದ ದೊಡ್ಡ ಕೈಗಾರಿಕಾ ನಗರವಾಗಿದೆ.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಅಧಿಕಾರದ ಪೀಠಗಳನ್ನು ಅವರು ಅರಸಿ ಹೋಗಲಿಲ್ಲ. ಎಂಬತ್ತೈದು ವರ್ಷಗಳ ತುಂಬುಬಾಳನ್ನು ಬಾಳಿ 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಲೋಕದಲ್ಲಿ ಯುದ್ಧ ಇಂದಿಗೂ ನಿಂತಿಲ್ಲ. ಊರು ಬಿಟ್ಟು ಗಡಿಯತ್ತ ನಡೆಯುವ ತಾಯಿಮಕ್ಕಳ ಚಿತ್ರವನ್ನು ನಾವು ದಿನವೂ ನೋಡುತ್ತಿದ್ದೇವೆ. ಅಂಥವರಿಗಾಗಿ ನಾವು ವಿದ್ಯಾರ್ಥಿಗಳು ಡಬ್ಬಿ ಹಿಡಿದು ಹೊರಡಬೇಕಾದ ದಿನ ಬಂದರೆ ಖಂಡಿತವಾಗಿ ಹೊರಡೋಣ. ಪೇಟೆಯ ಒಂದಂಗಡಿಯನ್ನೂ ಬಿಡದೆ ಕೇಳೋಣ. ಮೊದಲ ವಾರದ ಅನ್ನಕ್ಕೆ ಆ ಹಣ ಬೇಕು. ಆದರೆ ಡಬ್ಬಿಯ ಹಣವನ್ನು ಎಣಿಸಿ ಮುಗಿಸಿದ ಮೇಲೆ ಇನ್ನೊಂದು ಮಾತನ್ನೂ ವಿಚಾರಿಸೋಣ: ಬಂದವರಿಗೆ ಏನು ಕೆಲಸ ಗೊತ್ತಿದೆ, ಅದಕ್ಕೆ ಬೇಕಾದ ಉಪಕರಣ ಯಾವುದು, ಅವರು ಮಾಡಿದ್ದನ್ನು ಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಮಂಗಳೂರಿನ ಆ ಮಹಾತಾಯಿ ನಮಗೆ ಬಿಟ್ಟುಹೋದ ಪಾಠ ಇಷ್ಟೇ. ಓದಲು ಸುಲಭ, ಮಾಡಲು ಒಂದು ಬಾಳು ಬೇಕು.