ಉಳಿದವರ ಲೆಕ್ಕ: ಹರ್ಮನ್ ಮುಲ್ಲರನ ಬಾಳು

ಅಣುಬಾಂಬು ಬಿದ್ದ ನೆಲದಲ್ಲಿ ಜೀವವು ಉಳಿಯಬಲ್ಲುದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆಗ ನಾನು ಅವರಿಗೆ ಹರ್ಮನ್ ಜೋಸೆಫ್ ಮುಲ್ಲರನ ಬಾಳನ್ನು ಹೇಳತೊಡಗುತ್ತೇನೆ. ಉಳಿಯುವುದು ಎಂಬ ಮಾತಿನ ಅರ್ಥವನ್ನೇ ಹಿಗ್ಗಿಸಿದವನು ಆತ.

1890ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮುಲ್ಲರನು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನನ ಬಳಗವನ್ನು ಸೇರಿ, ಹಣ್ಣಿನ ನೊಣಗಳಲ್ಲಿ ಆನುವಂಶಿಕತೆಯ ನಿಯಮಗಳನ್ನು ಅರಸಿದನು. ಮುಂದೆ ಟೆಕ್ಸಾಸಿನಲ್ಲಿ ಆ ನೊಣಗಳ ಮೇಲೆ ಕ್ಷ-ಕಿರಣ ಹಾಯಿಸಿ, 1927ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದನು. ಬೆಳೆದ ನೊಣದ ದೇಹದಲ್ಲಿ ಜೀವಕೋಶಗಳ ವಿಭಜನೆ ಬಹುಮಟ್ಟಿಗೆ ನಿಂತಿರುವುದರಿಂದ, ಮನುಷ್ಯನನ್ನು ಕೊಲ್ಲುವಷ್ಟು ವಿಕಿರಣವನ್ನೂ ಅದು ತಾಳಿಕೊಳ್ಳುತ್ತದೆ. ಎಡೆಬಿಡದೆ ಹೊಸ ಕೋಶಗಳನ್ನು ಹುಟ್ಟಿಸುವ ನಮ್ಮ ಮೂಳೆಮಜ್ಜೆ, ಕರುಳುಗಳಿಗೆ ಆ ಶಕ್ತಿಯಿಲ್ಲ. ಮುಲ್ಲರನ ನೊಣಗಳು ಹಾರಾಡಿದವು, ಸಂತಾನವನ್ನೂ ಪಡೆದವು. ಆದರೆ ಆ ಸಂತತಿಯಲ್ಲಿ ಉತ್ಪರಿವರ್ತನೆಗಳು ಸಹಜ ಪ್ರಮಾಣಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಕಂಡವು. ಅವುಗಳಲ್ಲಿ ಹೆಚ್ಚಿನವು ಹಾನಿಕರ, ಹಲವು ಮಾರಕ. ತಂದೆಯ ಮೈಯಲ್ಲಿ ಕಾಣದ ಗಾಯವು ಮಕ್ಕಳಲ್ಲಿ ತೆರೆದುಕೊಂಡಿತ್ತು.

ಆತನ ಬದುಕು ಅಲೆದಾಟದ ಬದುಕಾಯಿತು. 1932ರಲ್ಲಿ ಬರ್ಲಿನ್ನಿಗೆ, ಮರುವರ್ಷ ನಿಕೊಲಾಯ್ ವಾವಿಲೋವನ ಕರೆಯ ಮೇರೆಗೆ ರಷ್ಯಕ್ಕೆ ಹೋದನು. ಅಲ್ಲಿ ಲೈಸೆಂಕೋ ಪಂಥದ ಹುಸಿವಿಜ್ಞಾನವನ್ನು ಬಹಿರಂಗವಾಗಿ ಎದುರಿಸಿ, 1937ರಲ್ಲಿ ಆ ದೇಶವನ್ನು ಬಿಡಬೇಕಾಯಿತು. ವಾವಿಲೋವನು 1943ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡನು. ಮುಲ್ಲರನು ಎಡಿನ್‌ಬರೋದಲ್ಲಿ ಕೆಲಕಾಲವಿದ್ದು 1940ರಲ್ಲಿ ಸ್ವದೇಶಕ್ಕೆ ಮರಳಿದನು.

1945ರ ಆಗಸ್ಟ್ 6ರಂದು ಹಿರೋಷಿಮಾ ಉರಿಯಿತು. ಮರುವರ್ಷವೇ ಮುಲ್ಲರನಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ಮನ್ನಣೆಯನ್ನು ಆತ ಎಚ್ಚರಿಕೆಯ ಕಹಳೆಯಾಗಿ ಬಳಸಿದನು: ವೈದ್ಯರು ಅಜಾಗರೂಕತೆಯಿಂದ ಕ್ಷ-ಕಿರಣ ಹಾಯಿಸುವುದನ್ನೂ ಬಾಂಬು ಪರೀಕ್ಷೆಗಳ ವಿಕಿರಣ ಧೂಳನ್ನೂ ಆಕ್ಷೇಪಿಸಿದನು. ಹಿರೋಷಿಮಾದ ಪ್ರಸ್ತಾಪವಿದ್ದ ಆತನ ಪ್ರಬಂಧವು 1955ರ ಜಿನೀವಾ ಪರಮಾಣು ಸಮ್ಮೇಳನದಲ್ಲಿ ಮಂಡನೆಯಾಗದಂತೆ ಅಮೆರಿಕೆಯ ಪರಮಾಣುಶಕ್ತಿ ಆಯೋಗವೇ ತಡೆಯಿತು. ಅದೇ ವರ್ಷ ಆತ ರಸೆಲ್-ಐನ್‌ಸ್ಟೈನ್ ಹೇಳಿಕೆಗೆ ಸಹಿ ಹಾಕಿದನು. ವಾಯುಮಂಡಲದಲ್ಲಿ ಪರೀಕ್ಷೆ ನಡೆಸುವುದನ್ನು ನಿಷೇಧಿಸುವ 1963ರ ಒಪ್ಪಂದವನ್ನು ಕಂಡು, 1967ರಲ್ಲಿ ಕಣ್ಮುಚ್ಚಿದನು.

ಆತನ ಭಯವೆಲ್ಲವೂ ನಿಜವಾಯಿತೆ? ಹಿರೋಷಿಮಾದಲ್ಲಿ ಸುಟ್ಟು ನಿಂತ ಗಿಂಕೋ ಮರಗಳು ಮತ್ತೆ ಚಿಗುರಿದವು. ಬದುಕುಳಿದವರ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದರೂ ನೊಣಗಳಲ್ಲಿ ಕಂಡಂಥ ಆನುವಂಶಿಕ ಹಾನಿ ಸ್ಪಷ್ಟವಾಗಿ ಗೋಚರಿಸಿಲ್ಲ. ಇದು ಸಮಾಧಾನದ ಸಂಗತಿಯೇ ಸರಿ. ಆದರೆ ಬದುಕುಳಿದವರನ್ನೇ ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಅರಸಿ ಬಂದಿತು. ಇತರ ಕ್ಯಾನ್ಸರುಗಳು ದಶಕಗಳ ತರುವಾಯವೂ ಬಂದವು. ಸ್ಫೋಟದ ಮರುದಿನ ಉಸಿರಾಡುತ್ತಿದ್ದವರನ್ನು ಎಣಿಸಿದರೆ ಈ ಲೆಕ್ಕ ಮುಗಿಯದು. ಉಳಿದವರ ಹಿಂದೆಯೇ ವರ್ಷಾನುವರ್ಷ ನಡೆದು, ಅವರ ಮಕ್ಕಳನ್ನೂ ಕಂಡು ಬರೆಯಬೇಕಾದ ಲೆಕ್ಕವದು. ಆ ವಿಧಾನವನ್ನು ಜಗತ್ತಿಗೆ ಕಲಿಸಿದ್ದು ಸೀಸೆಗಳಲ್ಲಿ ನೊಣ ಸಾಕಿದ ಈ ಹಠವಾದಿಯೆಂದು ನಾನು ನಂಬಿದ್ದೇನೆ.